ಬಿಟ್ಟುಕೊಡದ ಮೂರು ನಿಮಿಷ

ಶನಿವಾರ ಬೆಳಿಗ್ಗೆ ಓಜೆಲಾ ಗ್ರಿಗ್ಸ್‌ಳ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತರೆ ವರ್ಡೆಲ್ ಪಿಟ್‌ಮನ್‌ಗೆ ಮಾತು ತಾನಾಗಿ ಬರುತ್ತಿತ್ತು. ಶಾಲೆಯಲ್ಲಿ ಅವಳು ತೂಕ ಹಾಕಿ ಮಾತಾಡುವ ಹೆಂಗಸು. ಕ್ಯಾಲ್ಡರ್ ಊರಿನ ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷದಿಂದ ಸಾಹಿತ್ಯ ಕಲಿಸುತ್ತ ಬಂದವಳು, ಅವಳೆದುರು ಬ್ಯಾಂಕಿನ ಮ್ಯಾನೇಜರ್ ಕೂಡ ಬಾಯಿ ತೆರೆಯುವ ಮುಂಚೆ ವಾಕ್ಯ ಸರಿಮಾಡಿಕೊಳ್ಳುತ್ತಿದ್ದ. ಇಲ್ಲಿ ಮಾತ್ರ ಹೆಗಲ ಮೇಲೆ ಹಳೇ ಟವೆಲು, ತಲೆಗೆ ಜಿಡ್ಡು, ಗುಂಗುರು ಕೂದಲು ನೆಟ್ಟಗೆ ಮಾಡಲು ಉರಿಯ ಮೇಲೆ ಕಾಯುತ್ತಿರುವ ಕಬ್ಬಿಣದ ಬಾಚಣಿಗೆ, ಬೆನ್ನ ಹಿಂದೆ ಓಜೆಲಾ. ಊರಿನ ಕರಿಯ ಹೆಂಗಸರಲ್ಲಿ ಅರ್ಧ ಜನ ಈಗ ಅಂಗಡಿಗೆ ಹೋಗಿ ಕೂದಲು ನೆಟ್ಟಗೆ ಮಾಡಿಸಿಕೊಳ್ಳುತ್ತಾರೆ, ಉಳಿದವರು ದೇವರು ಕೊಟ್ಟ ಹಾಗೇ ಬಿಟ್ಟುಕೊಂಡಿದ್ದಾರೆ. ಇವರಿಬ್ಬರು ಬದಲಾಗಿರಲಿಲ್ಲ. ಕಾದ ಬಾಚಣಿಗೆ ಕಿವಿಯ ಹತ್ತಿರ ಬಂದಾಗ ಕಿವಿ ಮಡಚಿ ಹಿಡಿದು ಉಸಿರು ಕಟ್ಟಿ ಕೂತವಳಿಗೆ ಹಿಂದೆ ನಿಂತವಳನ್ನು ನಂಬದೆ ಬೇರೆ ಗತಿಯಿಲ್ಲ. ಅದಕ್ಕೇ ಇರಬೇಕು, ಆ ಕುರ್ಚಿಯಲ್ಲಿ ಆಡಿದ ಮಾತು ಅಡುಗೆಮನೆಯ ಹೊಸಿಲು ದಾಟಬಾರದು ಅನ್ನುವ ಕಟ್ಟು ಅವರ ಅಮ್ಮಂದಿರ ಕಾಲದಿಂದ ನಡೆದುಬಂದಿತ್ತು. ಯಾರ ಗಂಡ ಎಲ್ಲಿ ಮಲಗಿದ, ಯಾರ ಮಗಳು ಇದ್ದಕ್ಕಿದ್ದಂತೆ ಅಟ್ಲಾಂಟಾಕ್ಕೆ ಯಾಕೆ ಹೊರಟಳು, ಎಲ್ಲವೂ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತಿತ್ತು.

“ಮಂಗಳವಾರ ಯಾರ್ಯಾರು ಬರ್ತಿದಾರೆ ಹೇಳು,” ಎಂದಳು ವರ್ಡೆಲ್.

“ಸಿಸ್ಟರ್ ಹ್ಯಾಟಿ. ಸಿಸ್ಟರ್ ಲೂವಿನಿಯಾ. ಚರ್ಚಲ್ಲಿ ಹಾಡೋ ಗುಂಪಿನೋರು ಮೂರ್ನಾಲ್ಕು ಜನ. ಮತ್ತೆ ನಾನು. ತಲೆ ಅಲ್ಲಾಡಿಸ್ಬೇಡ್ವೇ, ಸುಡತ್ತೆ.”

“ಎಲ್ರೂ ಹೇಳ್ಬೇಕಾದ್ದು ಒಂದೇ ಮಾತು ಕಣೇ. ಮೈಕ್ ಮುಂದೆ ಬರೋದು, ‘ನನ್ನ ಸಮಯಾನ ಮಿಸೆಸ್ ಪಿಟ್‌ಮನ್‌ಗೆ ಬಿಟ್ಟುಕೊಡ್ತೀನಿ’ ಅನ್ನೋದು, ಹೋಗಿ ಕೂರೋದು. ಸಿಸ್ಟರ್ ಹ್ಯಾಟಿ ಅಲ್ಲಿ ಮಂಡಿನೋವಿನ ಪುರಾಣ ತೆಗೀದೇ ಇರೋ ಹಾಗೆ ನೀನು ನೋಡ್ಕೊ.”

ಶಾಲಾ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರಿಗೆ ತಲೆಗೆ ಮೂರು ನಿಮಿಷ. ಮೂರು ನಿಮಿಷವಾದ ಕೂಡಲೇ ಅಧ್ಯಕ್ಷ ಗಂಟೆ ಬಾರಿಸುತ್ತಾನೆ, ನೀವು ಏಸುವಿನ ಹೆಸರು ಅರ್ಧ ಹೇಳಿದ್ದರೂ ಅಲ್ಲಿಗೇ ನಿಲ್ಲಿಸಿ ಕೂರಬೇಕು. ಆದರೆ ಒಬ್ಬರು ತಮ್ಮ ಮೂರು ನಿಮಿಷವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಮೂರು ನಿಮಿಷದಲ್ಲಿ ವರ್ಡೆಲ್ ಮಕ್ಕಳ ಹಾಜರಿಯನ್ನೂ ತೆಗೆದುಕೊಂಡವಳಲ್ಲ. ಅವಳ ಭಾಷಣ ಸಿದ್ಧವಾಗಿತ್ತು, ಅದಕ್ಕೆ ಒಬ್ಬರನ್ನೊಬ್ಬರು ಸಿಸ್ಟರ್ ಎಂದು ಕರೆಯುವ ಚರ್ಚಿನ ಅಷ್ಟೂ ಹೆಂಗಸರ ನಿಮಿಷಗಳು ಬೇಕಿದ್ದವು.

ಭಾಷಣ ಒಂದು ಪುಸ್ತಕದ ಪರವಾಗಿತ್ತು. ನೂರು ವರ್ಷಕ್ಕೂ ಹಿಂದೆ ಒಬ್ಬ ಬಿಳಿಯ ಬರೆದ ಕಾದಂಬರಿ. ದೇಶದ ಶಾಲೆಗಳೆಲ್ಲ ದೊಡ್ಡ ಕೃತಿ ಎಂದು ತಲೆಮೇಲೆ ಹೊತ್ತದ್ದು. ಊರಿಗೆಲ್ಲ ಶವಪೆಟ್ಟಿಗೆ ಮಾಡಿಕೊಡುವ ಕರಿಯ ಬಡಗಿಯೊಬ್ಬನ ಕಥೆ: ಹಳದಿ ಜ್ವರ ಬಂದು ಬಿಳಿಯರ ಮನೆಗಳು ಖಾಲಿಯಾಗುತ್ತಾ ಹೋದಂತೆ ಅದುವರೆಗೆ ಅವನನ್ನು ನಾಯಿಯ ಹಾಗೆ ಕಂಡವರು ಅವನ ಅಂಗಳದಲ್ಲಿ ಸಾಲುಗಟ್ಟುತ್ತಾರೆ. ಒಳ್ಳೆಯ ಪುಸ್ತಕವೇ. ಆದರೆ ಪುಟ ತಿರುವಿದರೆ ಆ ಬೈಗುಳ. ನಮ್ಮ ಕರಿಯ ಜನರನ್ನು ಕರೆಯಲು ಬಿಳಿಯರು ಬಳಸುತ್ತಿದ್ದ ಆ ಒಂದು ಶಬ್ದ, ಬಡಗಿಯ ಹೆಸರಿಗಿಂತ ಹೆಚ್ಚು ಸಲ. ಅದನ್ನು ಶಾಲೆಯಿಂದ ತೆಗೆಯಬೇಕೆಂದು ಮಂಡಳಿಗೆ ಎರಡು ಕಡೆಯಿಂದ ದೂರು ಬಂದಿತ್ತು. ಶೆಲ್ಬಿ ಹಾರ್‌ಗ್ರೋವ್ ಎಂಬ ಬಿಳಿಯ ತಾಯಿ ಹಳದಿ ಅಂಗಿಯ ಗುಂಪೊಂದನ್ನು ಕಟ್ಟಿಕೊಂಡು, ಇದನ್ನು ಓದಿದರೆ ನಮ್ಮ ಮಕ್ಕಳಿಗೆ ತಾವು ಪಾಪಿಗಳು ಅನ್ನಿಸುತ್ತದೆ ಎನ್ನುತ್ತಿದ್ದಳು. ನಮ್ಮವರಲ್ಲೇ ಕೆಲವು ತಂದೆತಾಯಿ, ಆ ಶಬ್ದವನ್ನು ನಮ್ಮ ಮಕ್ಕಳ ಮುಂದೆ ಯಾಕೆ ಹಾಸಬೇಕು ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಒಂದೇ ಬೆಂಚಿನಲ್ಲಿ ಕೂರದವರು ಈ ಒಂದು ವಿಷಯಕ್ಕೆ ಹೆಗಲಿಗೆ ಹೆಗಲು ಕೊಟ್ಟಿದ್ದರು. ಎರಡೂ ಕಡೆ ಪುಸ್ತಕ ಓದಿದವರು ಬೆರಳೆಣಿಕೆ.

ವರ್ಡೆಲ್ ಅದನ್ನು ಪಾಠ ಮಾಡುವ ಕ್ರಮ ಬೇರೆ. ಅವಳ ತರಗತಿಯಲ್ಲಿ ಆ ಶಬ್ದವನ್ನು ಯಾರೂ ಬಾಯಿಬಿಟ್ಟು ಓದುವಂತಿಲ್ಲ. ಅದು ಬಂದ ಕಡೆ ಓದುವವರು ನಿಲ್ಲಬೇಕು, ಇಡೀ ತರಗತಿ ಬೆರಳ ಗೆಣ್ಣಿನಿಂದ ಮೇಜನ್ನು ಒಂದು ಸಲ ಕುಟ್ಟಬೇಕು, ಆಮೇಲೆ ಮುಂದಿನ ಪದ. ಕೆಲವು ಪುಟಗಳಲ್ಲಿ ಕುಟ್ಟುವ ಸದ್ದೇ ಸದ್ದು. ಪೆಟ್ಟಿಗೆಗೆ ಮೊಳೆ ಹೊಡೆದ ಹಾಗೆ, ಎನ್ನುತ್ತಿದ್ದಳು ಮಕ್ಕಳಿಗೆ. ಒಂದು ಅಧ್ಯಾಯ ಮುಗಿಯುವಷ್ಟರಲ್ಲಿ ನಗುತ್ತಿದ್ದ ಹುಡುಗರ ಮುಖ ಇಳಿದುಹೋಗುವುದನ್ನು ಅವಳು ಎಷ್ಟೋ ವರ್ಷ ಕಂಡಿದ್ದಳು. ಈ ಉಪಾಯ ಅವಳ ಸ್ವಂತದ್ದು. ಅದರ ಬಗ್ಗೆ ಅವಳಿಗೆ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು.

“ಒಂದು ವೇಳೆ ಆ ಪುಸ್ತಕ ಇಲ್ದೇ ಹೋದ್ರೆ ಏನಾಗತ್ತೆ ವರ್ಡೆಲ್?” ಎಂದಳು ಓಜೆಲಾ, ಬಾಚಣಿಗೆಯನ್ನು ಮತ್ತೆ ಉರಿಗೆ ಇಡುತ್ತ.

“ಏನಾಗತ್ತೆ ಅಂದ್ರೆ? ಇವತ್ತು ಇದು ಹೋಗತ್ತೆ, ನಾಳೆ ನಮ್ಮೋರು ಬರೆದಿದ್ದೂ ಹೋಗತ್ತೆ. ನಾನು ಆ ಕಪಾಟಿಗೆ ಒಂದೊಂದು ಪುಸ್ತಕ ಸೇರ್ಸೋಕೆ ಎಷ್ಟು ಪ್ರಿನ್ಸಿಪಾಲರ ಹತ್ರ ಹಲ್ಲು ಕಿರಿದಿದೀನಿ ಅಂತ ನಿಂಗೆ ಗೊತ್ತಿಲ್ವಾ? ಅಲ್ದೆ ಹೊರಗಡೆ ಆ ಮಾತನ್ನ ಎದುರಿಸೋ ಮುಂಚೆ ಮಕ್ಕಳು ನನ್ನ ಕಣ್ಮುಂದೆ ಅದನ್ನ ಎದುರಿಸ್ಲಿ...” ಎಂದು ಅವಳು ಭಾಷಣದ ಅರ್ಧವನ್ನು ಅಲ್ಲೇ ಒಪ್ಪಿಸಿದಳು. ಓಜೆಲಾ ಹ್ಞೂಂ ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, “ನಮ್ಮ ಅಮಾರಿಸ್ ಕ್ಲಾಸಲ್ಲಿ ಹೇಗಿದಾಳೆ?” ಎಂದು ಕೇಳಿದಳು. ಅಮಾರಿಸ್ ಅವಳ ಮೊಮ್ಮಗಳು, ಹದಿನೈದರ ಹುಡುಗಿ, ಈ ವರ್ಷ ವರ್ಡೆಲ್‌ಳ ತರಗತಿಗೆ ಬಂದಿದ್ದಳು.

“ಚುರುಕು ಹುಡುಗಿ. ಈಚೆಗೆ ಬಾಯೇ ಬಿಡಲ್ಲ ಬಿಡು. ವಯಸ್ಸು. ನಾವೂ ಹಂಗೇ ಇದ್ವಿ.”

ಓಜೆಲಾ ಉರಿಯಿಂದ ಬಾಚಣಿಗೆ ಎತ್ತಿಕೊಂಡಳು. ಆ ದಿನ ಅವಳು ಕೂದಲು ಬಹಳ ಚೆನ್ನಾಗಿ ಮಾಡಿದಳು, ಒಂದು ಕಡೆಯೂ ಸುಡಲಿಲ್ಲ.

ಮಂಗಳವಾರ ಸಂಜೆ ಸಭೆ ಸೇರಿದ್ದು ಹೈಸ್ಕೂಲಿನ ಊಟದ ಹಾಲಿನಲ್ಲಿ. ಮಧ್ಯಾಹ್ನ ಕರಿದ ಆಲೂಗಡ್ಡೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮುಂದೆ ಉದ್ದ ಮೇಜಿನ ಹಿಂದೆ ಮಂಡಳಿಯವರು, ಮಧ್ಯದಲ್ಲಿ ಅಧ್ಯಕ್ಷ ಡ್ವೇನ್ ಟಾಲಿವರ್. ಟ್ರ್ಯಾಕ್ಟರ್ ಮಾರುವ ದಡೂತಿ ಬಿಳಿಯ, ಗಂಟೆ ಬಾರಿಸುವಾಗ ಮಾತ್ರ ಉತ್ಸಾಹ. ಎಡಗಡೆ ಹಳದಿ ಅಂಗಿಗಳು. ಬಲಗಡೆ ನಮ್ಮ ಚರ್ಚಿನ ಹೆಂಗಸರು ಭಾನುವಾರದ ಟೋಪಿಗಳನ್ನೇ ಹಾಕಿಕೊಂಡು ಬಂದಿದ್ದರು. ವರ್ಡೆಲ್ ಅವರ ಸಾಲಿನ ತುದಿಯಲ್ಲಿ ಕೂತಳು. ಬೆನ್ನು ನೆಟ್ಟಗಿತ್ತು. ಇಷ್ಟು ಜನ ತನ್ನ ಬೆನ್ನಿಗಿದ್ದಾರೆ ಎಂದುಕೊಂಡು ಭಾಷಣದ ಹಾಳೆಗಳನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

ಶೆಲ್ಬಿ ಹಾರ್‌ಗ್ರೋವ್ ಮೊದಲು ಮಾತಾಡಿದಳು. ದನಿಯಲ್ಲಿ ಜೇನು. “ನನ್ ಮಗ ಮನೆಗೆ ಬಂದು, ‘ಅಮ್ಮಾ, ನಾವು ಕೆಟ್ಟ ಜನಾನಾ?’ ಅಂತ ಕೇಳ್ದ. ತಾಯಿಯಾದೋಳು ಏನು ಹೇಳ್ಬೇಕು ನೀವೇ ಹೇಳಿ,” ಎಂದು ಕಣ್ಣೊರೆಸಿಕೊಂಡಳು. ಹಳದಿ ಅಂಗಿಗಳು ಚಪ್ಪಾಳೆ ತಟ್ಟಿದವು. ಆಮೇಲೆ ಟಾಲಿವರ್ ಕನ್ನಡಕ ಏರಿಸಿ, “ಓಜೆಲಾ ಗ್ರಿಗ್ಸ್,” ಎಂದು ಕೂಗಿದ.

ಓಜೆಲಾ ಯಾವಾಗಲೂ ನಮ್ಮವರಲ್ಲಿ ಎಲ್ಲರಿಗಿಂತ ಮುಂಚೆ ಬಂದು ಹೆಸರು ಕೊಡುವವಳು. ನಿಧಾನವಾಗಿ ನಡೆದು ಹೋದಳು, ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು. ಒಂದು ಸಾಲು ಹೇಳಿ ಬರುವವಳು ಮೈಕನ್ನು ಯಾಕೆ ಇಳಿಸಿಕೊಳ್ಳುತ್ತಾಳೆ ಎಂದು ವರ್ಡೆಲ್‌ಗೆ ಅನ್ನಿಸಿತು. ಅಷ್ಟೇ ಅನ್ನಿಸಿದ್ದು.

“ಮಿಸ್ಟರ್ ಟಾಲಿವರ್, ನನ್ನ ಸಮಯ ಬಿಟ್ಟುಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ,” ಎಂದಳು ಓಜೆಲಾ. “ಕೊಡಲ್ಲ. ನನಗೇ ಬೇಕು.”

ಟೋಪಿಗಳು ಒಂದರತ್ತ ಒಂದು ತಿರುಗಿದವು.

“ನನ್ನ ಮೊಮ್ಮಗಳು ಒಂಬತ್ತು ವಾರದಿಂದ ಮಧ್ಯಾಹ್ನ ಊಟ ಮಾಡ್ತಿಲ್ಲ. ಯಾಕೆ ಅಂದ್ರೆ ಬಾಯಿ ಬಿಡಲ್ಲ. ಆಮೇಲೆ ಒಂದಿನ ನನ್ನ ತೊಡೆ ಮೇಲೆ ತಲೆ ಇಟ್ಟು ಹೇಳಿದ್ಲು. ಕ್ಲಾಸಲ್ಲಿ ಆ ಮಾತು ಬಂದ್ರೆ ಟೇಬಲ್ ಕುಟ್ಬೇಕಂತೆ. ಸರಿ. ಈಗ ಹುಡುಗರು ಕ್ಲಾಸಿನ ಹೊರಗೂ ಕುಟ್ತಾರೆ. ಇವಳು ವರಾಂಡದಲ್ಲಿ ಹೋಗ್ತಿದ್ರೆ ಒಬ್ಬ ಬೀರುವಿನ ಬಾಗಿಲ ಮೇಲೆ ಟಕ್ ಅಂತಾನೆ. ಇನ್ನೊಬ್ಬ ಟಕ್ ಅಂತಾನೆ. ಬಸ್ಸಲ್ಲಿ ಸೀಟಿನ ಬೆನ್ನಿಗೆ ಟಕ್. ಬಾಯಲ್ಲಿ ಏನೂ ಅನ್ನಲ್ಲ! ಯಾರ ಹತ್ರ ದೂರು ಕೊಡೋದು? ‘ನಾನೇನಂದೆ, ಬರೀ ಬಾಗಿಲು ತಟ್ಟಿದೆ’ ಅಂತಾರೆ. ಆ ಮಾತಾದ್ರೂ ಅಂದಿದ್ರೆ ಶಿಕ್ಷೆ ಕೊಡಿಸ್ಬಹುದಿತ್ತು.”

 ವರ್ಡೆಲ್‌ಗೆ ಇದು ಗೊತ್ತಿರಲಿಲ್ಲ, ದೇವರಾಣೆಗೂ ಗೊತ್ತಿರಲಿಲ್ಲ. ಎದ್ದು ಓಜೆಲಾಳ ಹತ್ತಿರ ಹೋಗಬೇಕು ಅನ್ನಿಸಿತು. ಅಲ್ಲಿಗೇ ಓಜೆಲಾ ನಿಲ್ಲಿಸಿದ್ದರೆ ಹೋಗಿಯೂ ಬಿಡುತ್ತಿದ್ದಳೋ ಏನೋ.

“ಮಿಸೆಸ್ ಪಿಟ್‌ಮನ್ ಕೆಟ್ಟೋಳಲ್ಲ,” ಎಂದು ಓಜೆಲಾ ಮುಂದುವರಿಸಿದಳು. “ಐವತ್ತು ವರ್ಷದ ಸ್ನೇಹಿತೆ. ಆದ್ರೆ ಈ ಪುಸ್ತಕ ಅವಳಿಗೆ ಏನು ಮಾಡ್ತು ಅಂತ ನಾನು ಬಲ್ಲೆ. ನಮ್ಮ ಶಾಲೆಗೆ ಬೀಗ ಹಾಕಿ ನಮ್ಮನ್ನ ಬಿಳಿಯರ ಶಾಲೆಗೆ ಬಸ್ಸು ಹತ್ತಿಸಿದ ವರ್ಷ...”

ಇಲ್ಲ, ಎಂದುಕೊಂಡಳು ವರ್ಡೆಲ್. ಅದು ಬೇಡ. ಅದೊಂದು ಬೇಡ ಓಜೆಲಾ.

“...ಟೀಚರು ಈ ಪುಸ್ತಕ ಅವಳ ಕೈಲಿ ಕೊಟ್ಟು, ‘ನೀನು ಓದು, ನಿನ್ನ ಬಾಯಲ್ಲಾದ್ರೆ ಸಹಜವಾಗಿ ಕೇಳತ್ತೆ’ ಅಂದ್ಳು. ಇವಳು ಓದಿದ್ಲು. ಆ ಮಾತನ್ನೂ ಓದಿದ್ಲು. ಬಿಳಿ ಮಕ್ಕಳು ನಕ್ಕರು. ಮೆಚ್ಚಿ ನಗ್ತಿದಾರೆ ಅಂದ್ಕೊಂಡು ಇವಳು ಇನ್ನಷ್ಟು ನಾಟಕ ಮಾಡಿ, ದನಿ ತೆಗೆದು ಓದಿದ್ಲು. ಕೊನೇಲಿ ತಲೆಬಾಗಿ ನಮಸ್ಕಾರಾನೂ ಮಾಡಿದ್ಲು. ಅವತ್ತು ಕ್ಲಾಸಿಗೆಲ್ಲ ಹೆಚ್ಚು ಅಂಕ ಇವಳಿಗೇ. ಮನೆಗೆ ಬಂದ್ಮೇಲೆ ಅರ್ಥ ಆಯ್ತು. ಅವತ್ತಿಂದ ಇವತ್ತಿನವರೆಗೂ ಇವಳು ಅದೇ ಪುಸ್ತಕ ಹಿಡ್ಕೊಂಡು ಅದೇ ಕ್ಲಾಸಲ್ಲಿ ನಿಂತಿದಾಳೆ. ಅವಳ ಗಾಯ ಅದು, ಅದಕ್ಕೆ ನಾನು ಅಳ್ತೀನಿ. ಆದ್ರೆ ಅದನ್ನ ವಾಸಿ ಮಾಡ್ಕೊಳ್ಳೋಕೆ ನನ್ನ ಮೊಮ್ಮಗಳು ಬೇಡ.”

ಟಾಲಿವರ್ ಗಂಟೆ ಬಾರಿಸಿದ. ಅಷ್ಟು ಹೊತ್ತಿಗೆ ಹೇಳುವುದೆಲ್ಲ ಮುಗಿದಿತ್ತು.

ಆ ಕಥೆಯನ್ನು ವರ್ಡೆಲ್ ಒಬ್ಬರಿಗೆ ಹೇಳಿದ್ದಳು, ಒಂದೇ ಸಲ. ಅವಳ ಅಮ್ಮ ತೀರಿಕೊಂಡ ವರ್ಷ, ಆ ಅಡುಗೆಮನೆಯ ಕುರ್ಚಿಯಲ್ಲಿ, ಕಿವಿ ಮಡಚಿ ಹಿಡಿದುಕೊಂಡು. ಗಂಡನಿಗೆ ಹೇಳಿರಲಿಲ್ಲ, ಅವನು ಗೊತ್ತಿಲ್ಲದೆಯೇ ಮಣ್ಣಾದ. ಪಾದ್ರಿಗೆ ಹೇಳಿರಲಿಲ್ಲ. ಅವರು ಓದಿಸಿದ್ದಲ್ಲ ಅವಳಿಗೆ ನಾಚಿಕೆ, ತಾನು ಚೆನ್ನಾಗಿ ಓದಿದ್ದು ನಾಚಿಕೆ, ಆ ನಮಸ್ಕಾರ ನಾಚಿಕೆ. ಈಗ ಅದು ಕರಿದ ಎಣ್ಣೆಯ ವಾಸನೆಯಲ್ಲಿ, ಹಳದಿ ಅಂಗಿಗಳ ಮುಂದೆ, ಶೆಲ್ಬಿ ಹಾರ್‌ಗ್ರೋವ್‌ಳ ಒದ್ದೆ ಕಣ್ಣುಗಳ ಮುಂದೆ ಬಿದ್ದಿತ್ತು. ಹಳದಿ ಅಂಗಿಗಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದವು. ಅವಳಿಗೆ ಹದಿಮೂರನೇ ವಯಸ್ಸಿನಲ್ಲಿ ಕೇಳಿದ್ದ ನಗುವಿಗಿಂತ ಆ ಚಪ್ಪಾಳೆ ಕೆಟ್ಟದಾಗಿ ಕೇಳಿಸಿತು.

“ಹ್ಯಾಟಿ ಬ್ರೂಕ್ಸ್,” ಎಂದು ಕೂಗಿದ ಟಾಲಿವರ್.

ಸಿಸ್ಟರ್ ಹ್ಯಾಟಿ ಎದ್ದಳು, ಮೈಕಿನ ತನಕ ಹೋದಳು, ವರ್ಡೆಲ್‌ಳ ಕಡೆ ನೋಡಿದಳು, ಓಜೆಲಾಳ ಕಡೆ ನೋಡಿದಳು. “ನಾನು... ನಂದು ನನ್ನ ಹತ್ರಾನೇ ಇರ್ಲಿ ಮಿಸ್ಟರ್ ಟಾಲಿವರ್. ನಂಗೆ ಮಂಡಿ ನೋಯ್ತಿದೆ,” ಎಂದು ಬಂದು ಕೂತಳು. ಲೂವಿನಿಯಾ ಕೂತಲ್ಲಿಂದಲೇ ಬೇಡ ಎಂದು ತಲೆ ಆಡಿಸಿದಳು. ಹಾಡುವ ಗುಂಪಿನವರ ಹೆಸರು ಕೂಗಿದಾಗ ಅವರು ಮಡಿಲಲ್ಲಿದ್ದ ಕೈಚೀಲ ನೋಡಿಕೊಂಡು ಕೂತರು. ಯಾರೂ ಅವಳ ವಿರುದ್ಧ ಒಂದು ಮಾತು ಆಡಲಿಲ್ಲ. ಅವಳಿಗೆ ಬೇಕಿದ್ದ ಸಮಯ ಹಾಗೆ ಒಬ್ಬೊಬ್ಬರ ಮಡಿಲಲ್ಲೇ ಕರಗಿಹೋಯಿತು.

“ವರ್ಡೆಲ್ ಪಿಟ್‌ಮನ್. ಮೂರು ನಿಮಿಷ ಮೇಡಂ.”

ಮೈಕು ಓಜೆಲಾಳ ಎತ್ತರದಲ್ಲೇ ಇತ್ತು. ವರ್ಡೆಲ್ ಅದನ್ನು ಏರಿಸಿಕೊಳ್ಳಲಿಲ್ಲ, ಬಗ್ಗಿಯೂ ನಿಲ್ಲಲಿಲ್ಲ. ಭಾಷಣದ ಹಾಳೆಗಳು ಕೈಯಲ್ಲೇ ಇದ್ದವು. ಮೊದಲ ಸಾಲು ಕಣ್ಣಿಗೆ ಬಿತ್ತು, ಅದು ಬೇರೆ ಯಾರೋ ಬರೆದ ಹಾಗಿತ್ತು.

ಟಾಲಿವರ್ ಗಂಟಲು ಸರಿಮಾಡಿಕೊಂಡ. ಅವನ ದನಿಯಲ್ಲಿ ಕರುಣೆ ಇತ್ತು, ಅದೇ ಸಹಿಸಲಾಗದ್ದು. “ಮಿಸೆಸ್ ಪಿಟ್‌ಮನ್, ನಿಮಗೆ ಇಷ್ಟ ಇಲ್ಲಾಂದ್ರೆ ಉತ್ತರ ಕೊಡ್ಬೇಕಾಗಿಲ್ಲ. ಮಿಸೆಸ್ ಗ್ರಿಗ್ಸ್ ಈಗ ಹೇಳಿದ್ರಲ್ಲ, ಅದು ನಿಜವಾ?”

ಅವಳು ಓಜೆಲಾಳ ಕಡೆ ನೋಡಿದಳು. ಓಜೆಲಾಳ ಕೆನ್ನೆ ಒದ್ದೆಯಾಗಿತ್ತು. ಅಳುತ್ತಾಳೆ ಬೇರೆ, ಎಂದು ವರ್ಡೆಲ್‌ಗೆ ಸಿಟ್ಟು ಬಂತು. ನನ್ನನ್ನು ಸಂತೆಯಲ್ಲಿ ಬಿಚ್ಚಿ ನಿಲ್ಲಿಸಿ ತಾನು ಅಳುತ್ತಾಳೆ.

“ಇಲ್ಲ,” ಎಂದಳು ವರ್ಡೆಲ್. ತರಗತಿಯಲ್ಲಿ ಕೊನೆಯ ಬೆಂಚಿಗೂ ಮುಟ್ಟುವ ದನಿ ಅದು. “ಅಂಥದ್ದೇನೂ ನಡೆದಿಲ್ಲ. ಅವರು ಹೇಳಿದ್ರಲ್ಲಿ ಒಂದು ಮಾತೂ ನಿಜ ಇಲ್ಲ.”

 ಓಜೆಲಾಳ ಬಾಯಿ ತೆರೆದದ್ದು ಹಾಗೇ ಉಳಿಯಿತು. ಸಿಸ್ಟರ್ ಹ್ಯಾಟಿ ತನ್ನ ಕುರ್ಚಿಯನ್ನು ಓಜೆಲಾಳಿಂದ ಒಂದು ಗೇಣು ಈಚೆಗೆ ಎಳೆದುಕೊಂಡಳು. ಅದನ್ನು ನೋಡಿ ವರ್ಡೆಲ್‌ಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಖುಷಿಯೇ ಆಯಿತು. ಉಳಿದ ಸಮಯದಲ್ಲಿ ಅವಳು ಪುಸ್ತಕದ ಬಗ್ಗೆ ಏನೋ ಹೇಳಿದಳು. ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಟಾಲಿವರ್ ಗಂಟೆ ಬಾರಿಸಿದ.

ಸುಳ್ಳಿನಿಂದ ಪುಸ್ತಕವೇನೂ ಉಳಿಯಲಿಲ್ಲ. ಮಂಡಳಿಯವರು ಮನೆಯಿಂದಲೇ ನಿರ್ಧಾರ ಕಟ್ಟಿಕೊಂಡು ಬಂದಿದ್ದರು ಎನ್ನುವುದು ಟಾಲಿವರ್ ಓದಿದ ಠರಾವಿನಲ್ಲೇ ಗೊತ್ತಾಗುತ್ತಿತ್ತು. ಆ ಕಾದಂಬರಿಯನ್ನು ತರಗತಿಯಿಂದಲೂ ಗ್ರಂಥಾಲಯದಿಂದಲೂ ತೆಗೆಯುವುದು. ಅದರ ಜೊತೆಗೆ, ಜನಾಂಗದ ವಿಷಯವೆತ್ತಿ ಯಾವುದೇ ಮಗುವಿನ ಮನಸ್ಸಿಗೆ ನೋವು ಮಾಡುವ ಇತರ ಪುಸ್ತಕಗಳನ್ನೂ ತೆಗೆಯುವುದು. ಕೈಗಳು ಮೇಲೆ ಹೋದವು. ‘ಇತರ ಪುಸ್ತಕ’ ಅಂದರೆ ಯಾವುದು ಎಂದು ಓಜೆಲಾ ಎದ್ದು ಕೇಳಿದಳು. “ನಿಮ್ಮ ಸಮಯ ಆಗಿದೆ ಮೇಡಂ,” ಎಂದ ಟಾಲಿವರ್.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಶೆಲ್ಬಿ ಹಾರ್‌ಗ್ರೋವ್ ಓಡಿ ಬಂದು ಓಜೆಲಾಳನ್ನು ತಬ್ಬಿಕೊಂಡಳು. “ಎಂಥಾ ಧೈರ್ಯ ನಿಮ್ದು! ನೀವು ನಮ್ಮ ಜೊತೆ ಸೇರ್ಬೇಕು, ನಿಮಗೂ ಒಂದು ಅಂಗಿ ಕೊಡ್ತೀನಿ,” ಎಂದಳು. ಓಜೆಲಾ ತೋಳು ಎರಡೂ ಕೆಳಗೆ ಬಿಟ್ಟುಕೊಂಡು ಕಂಬದ ಹಾಗೆ ನಿಂತಿದ್ದಳು. ಶೆಲ್ಬಿ ಹೋದ ಮೇಲೆ ಓಜೆಲಾ, ಕಾರಿನ ಬಾಗಿಲು ತೆಗೆಯುತ್ತಿದ್ದ ವರ್ಡೆಲ್‌ಳ ಹತ್ತಿರ ಬಂದಳು.

“ನನ್ನನ್ನ ಸುಳ್ಳುಗಾತಿ ಮಾಡಿದೆ ನೀನು. ಇಡೀ ಚರ್ಚಿನ ಮುಂದೆ.”

“ಆ ಕುರ್ಚೀಲಿ ಹೇಳಿದ ಮಾತು ಕಣೇ ಅದು.” ವರ್ಡೆಲ್ ಕಾರಿನ ಬಾಗಿಲು ಮುಚ್ಚಿದಳು. “ನಿಮ್ಮಮ್ಮ ಸತ್ರೂ ಬಾಯಿ ಬಿಡ್ತಿರ್ಲಿಲ್ಲ. ನಿಂಗೆ ನನ್ನ ಹತ್ರ ಬಂದು ಹೇಳೋಕಾಗ್ಲಿಲ್ವಾ? ಹುಡುಗಿಗೆ ಹಿಂಗಾಗ್ತಿದೆ ಅಂತ ಒಂದು ಮಾತು? ಮೊನ್ನೆ ಶನಿವಾರ ನಿನ್ನ ಕೈ ನನ್ನ ತಲೆ ಮೇಲಿತ್ತಲ್ವೇ!”

“ಕೇಳ್ದೆನಲ್ಲ. ಅಮಾರಿಸ್ ಹೇಗಿದಾಳೆ ಅಂತ ಕೇಳ್ದೆ. ನೀನು ವಯಸ್ಸು ಅಂದೆ. ಪುಸ್ತಕ ಇಲ್ದೇ ಹೋದ್ರೆ ಏನಾಗತ್ತೆ ಅಂತ ಕೇಳ್ದೆ. ನೀನು ಪಾಠ ಮಾಡ್ದೆ. ನಿನ್ನ ಹತ್ರ ಮಾತಾಡೋಕೂ ಕೈ ಎತ್ತಿ ನಿಂತ್ಕೋಬೇಕು ಕಣೇ ವರ್ಡೆಲ್, ಯಾವಾಗ್ಲೂ.” ಓಜೆಲಾ ಮೂಗು ಒರೆಸಿಕೊಂಡಳು. “ಅವರು ನಮ್ಮೋರ ಪುಸ್ತಕಾನೂ ಸೇರಿಸ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ.”

“ನಂಗೆ ಗೊತ್ತಿತ್ತು. ಹೇಳಿದ್ದೆ.”

“ಹೂಂ, ಹೇಳಿದ್ದೆ ನೀನು.”

ಅಷ್ಟೇ ಆಡಿದ್ದು. ಇನ್ನು ಆ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ವರ್ಡೆಲ್ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಮನೆಗೆ ಹೋಗಿ ಬೂಟು ಬಿಚ್ಚದೆ ಸೋಫಾದ ಮೇಲೆ ಕೂತಳು. ಊರು, ಚರ್ಚು, ಮಂಡಳಿ, ಎಲ್ಲರೂ ಮೋಸ ಮಾಡಬಹುದು, ಅದಕ್ಕೆ ಅವಳು ಹುಟ್ಟಿದಾಗಿನಿಂದ ತಯಾರಾಗಿಯೇ ಇದ್ದಳು. ಓಜೆಲಾಳ ವಿಷಯದಲ್ಲಿ ಮಾತ್ರ ಯಾವ ತಯಾರಿಯೂ ಇರಲಿಲ್ಲ. ಅತ್ತಳು, ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಆ ವಾರ ಚರ್ಚಿನ ಹೆಂಗಸರು ಅವಳ ಮನೆಗೆ ಒಬ್ಬೊಬ್ಬರಾಗಿ ಬಂದರು. ಲೂವಿನಿಯಾ ಸಿಹಿಗೆಣಸಿನ ಕಡುಬು ತಂದಳು. “ಓಜೆಲಾ ಇಷ್ಟು ದೊಡ್ಡ ಸುಳ್ಳು ಹೊಸೀತಾಳೆ ಅಂತ ಯಾರಿಗೆ ಗೊತ್ತಿತ್ತಮ್ಮಾ. ಮೊಮ್ಮಗಳ ಮೇಲಿನ ಮೋಹ,” ಎಂದಳು. ವರ್ಡೆಲ್ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕಡುಬನ್ನು ತೆಗೆದುಕೊಂಡಳು.

ಶುಕ್ರವಾರ ಪುಸ್ತಕಗಳನ್ನು ವಾಪಸು ತೆಗೆದುಕೊಳ್ಳಬೇಕೆಂದು ಪ್ರಿನ್ಸಿಪಾಲ್ ರೆನ್‌ಫ್ರೋ ಹೇಳಿ ಕಳಿಸಿದ. ಮಕ್ಕಳು ಸಾಲಾಗಿ ಬಂದು ಕಾದಂಬರಿಯನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿದರು. ಇನ್ನೊಂದು ಪೆಟ್ಟಿಗೆಗೆ ವರ್ಡೆಲ್ ತಾನೇ ಕಪಾಟಿನಿಂದ ನಮ್ಮವರು ಬರೆದ ಪುಸ್ತಕಗಳನ್ನು ಇಳಿಸಿ ತುಂಬಿದಳು. ಕೆಲವಕ್ಕೆ ಅವಳೇ ರಟ್ಟು ಹಾಕಿಸಿದ್ದಳು. ಹುಡುಗನೊಬ್ಬ ಪುಸ್ತಕ ಹಾಕುವಾಗ ಪೆಟ್ಟಿಗೆಯ ಪಕ್ಕವನ್ನು ಗೆಣ್ಣಿನಿಂದ ಟಕ್ ಎಂದು ಕುಟ್ಟಿ ಹಿಂದೆ ತಿರುಗಿ ನೋಡಿದ. ಹಿಂದೆ ಅಮಾರಿಸ್ ನಿಂತಿದ್ದಳು. ವರ್ಡೆಲ್ ಅದನ್ನು ಕಣ್ಣಾರೆ ಕಂಡಳು.

“ಏಯ್, ಏನದು?” ಎಂದಳು.

“ಏನಿಲ್ಲ ಮಿಸ್ ಪಿಟ್‌ಮನ್. ಪೆಟ್ಟಿಗೆ ಗಟ್ಟಿ ಇದೆಯಾ ನೋಡ್ದೆ,” ಎಂದ ಹುಡುಗ, ಹಲ್ಲು ಬಿಟ್ಟುಕೊಂಡು.

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅಮಾರಿಸ್ ಉಳಿದಳು. ತೆಳ್ಳನೆಯ ಹುಡುಗಿ, ಈಚೆಗೆ ಇನ್ನೂ ತೆಳ್ಳಗಾಗಿದ್ದಳು. ಪುಸ್ತಕವನ್ನು ಎದೆಗೆ ಅವುಚಿಕೊಂಡಿದ್ದಳು.

“ಇದನ್ನ ನಾನು ಪೂರ್ತಿ ಓದಿದೀನಿ,” ಎಂದಳು. “ಅವನು ಕೊನೇಲಿ ತನ್ನ ಪೆಟ್ಟಿಗೆ ತಾನೇ ಮಾಡ್ಕೊಳ್ಳೋದು ನನಗೆ ತುಂಬಾ ಇಷ್ಟ. ತೆಗೀರಿ ಅಂತ ನಾನು ನಮ್ಮಜ್ಜಿ ಬಿಗ್ ಮಾಮಾಗೆ ಹೇಳಿರ್ಲಿಲ್ಲ. ಕುಟ್ಟೋದು ನಿಲ್ಲಿಸಿ ಅಂತ ಅಷ್ಟೇ ಹೇಳಿದ್ದು.”

“ನನಗೆ ಗೊತ್ತಿರ್ಲಿಲ್ಲ ಮರೀ. ಗೊತ್ತಿದ್ದಿದ್ರೆ...”

“ನಿನ್ನೆ ಬಿಗ್ ಮಾಮಾ ನನ್ನ ಕರ್ಕೊಂಡು ಮಿಸ್ಟರ್ ರೆನ್‌ಫ್ರೋ ಹತ್ರ ಹೋಗಿದ್ರು. ಹುಡುಗರ ಹೆಸರು ಎಲ್ಲ ಹೇಳಿದ್ವಿ. ಅವರು, ‘ಇದ್ರಲ್ಲಿ ಒಂದು ಮಾತೂ ನಿಜ ಇಲ್ಲ ಅಂತ ನಿಮ್ಮ ಟೀಚರೇ ತುಂಬಿದ ಸಭೇಲಿ ಹೇಳಿದಾರೆ, ನಾನೇನು ಮಾಡ್ಲಿ’ ಅಂದ್ರು. ನಿಮ್ಮ ಕಥೆ ಸುಳ್ಳು ಅಂದ್ರಿ ಮಿಸ್ ಪಿಟ್‌ಮನ್. ಅದರ ಜೊತೆ ನಂದೂ ಸುಳ್ಳಾಯ್ತು.”

 ಮೈಕಿನ ಮುಂದೆ ನಿಂತಾಗ ವರ್ಡೆಲ್‌ಳ ಕಣ್ಣಿಗೆ ಓಜೆಲಾ ಬಿಟ್ಟು ಇನ್ನಾರೂ ಕಂಡಿರಲಿಲ್ಲ. ಒಂದು ಮಾತೂ ನಿಜ ಇಲ್ಲ. ‘ಒಂದೂ’ ಅನ್ನುವ ಪದ ಎಷ್ಟನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ ಎಂದು ಮಕ್ಕಳ ಪ್ರಬಂಧಗಳಲ್ಲಿ ಕೆಂಪು ಗೀಟು ಹಾಕಿ ಹಾಕಿ ತಿದ್ದಿದವಳು ತಾನು. ಅವಳು ಬಾಗಿಲ ತನಕ ಹೋದಳು. “ನಡಿ, ಈಗ್ಲೇ ರೆನ್‌ಫ್ರೋ ಹತ್ರ ಹೋಗೋಣ. ನಾನು ಹೇಳ್ತೀನಿ.” ಮತ್ತೆ ನಿಂತಳು. ಹೇಳಬೇಕಾದ್ದು ಬಾಯಲ್ಲಿ ಬಂದು ಸಿಕ್ಕಿಕೊಂಡಿತು. ಅದನ್ನು ಅವಳು ಒಲೆಯ ಪಕ್ಕ ಬಿಟ್ಟು ಇನ್ನೆಲ್ಲೂ ಆಡಿದವಳಲ್ಲ.

“ಅಮಾರಿಸ್, ಅದು ನಿಜ,” ಎಂದಳು ಕೊನೆಗೆ. “ನಾನು ಓದಿದ್ದು ನಿಜ. ಆ ಮಾತನ್ನ ಜೋರಾಗಿ ಓದಿದ್ದು, ಅವರು ನಕ್ಕಿದ್ದು, ನಾನು ನಮಸ್ಕಾರ ಮಾಡಿದ್ದು, ಎಲ್ಲಾ ನಿಜ. ನಿಮ್ಮ ಬಿಗ್ ಮಾಮಾ ಸುಳ್ಳು ಹೇಳ್ಲಿಲ್ಲ.”

ಹುಡುಗಿ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

“ನನಗೆ ಗೊತ್ತು ಮಿಸ್ ಪಿಟ್‌ಮನ್,” ಎಂದಳು. “ಅದನ್ನ ಅವತ್ತು ಸಭೇಲಿ ಹೇಳ್ಬೇಕಿತ್ತು.”

ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ಅವಳು ಹೊರಟುಹೋದಳು.